ಮಾರೇಶ ಇಲ್ಲದ ಕಥೆ

"ಆ ಕಥಿಯೊಳಗ ಮಾರೇಶ ಅನ್ನೋ ಗಂಡಸಾ ಇಲ್ಲಲ್ಲ್ರೀ..."

ಕಿವಿಯ ಹತ್ತಿರವೇ ಬಂದ ಆ ಪಿಸುಮಾತಿಗೆ ದುರ್ಗಾದೇವಿಯ ಎದೆ ಧಸಕ್ಕೆಂದಿತು!

ತಿರುಗಿ ನೋಡಿದಳು. ಇವತ್ತೇ ಕೆಲಸಕ್ಕೆ ಸೇರಿದ ಹುಡುಗಿ. ಕೈಯಲ್ಲಿ ಸೀಮೆಸುಣ್ಣ, ಹೆಗಲ ಮೇಲೆ ಹೊಲಿದು ಮುಗಿದ ಜೀನ್ಸ್ ಪ್ಯಾಂಟುಗಳ ರಾಶಿ. ಹೊಲಿಗೆಯಲ್ಲಿ ತಪ್ಪಿದ್ದರೆ ಗುರುತು ಹಾಕಿ ವಾಪಸ್ ಕಳಿಸುವ ಚೆಕಿಂಗ್ ಕೆಲಸ ಅವಳದು. ಹೆಸರು ಚೈತ್ರಾ ಅಂತ ಬೆಳಿಗ್ಗೆ ಯಾರೋ ಹೇಳಿದ್ದರು.

ಚೈತ್ರಾಳ ಕಣ್ಣು ಫಳಫಳ ಹೊಳೆಯುತ್ತಿತ್ತು. ತುಟಿಯಲ್ಲಿ ಸಣ್ಣ ನಗು.

ಆ ನಗು ನೋಡಿಯೇ ದುರ್ಗಾ ಫೋನು ಮಗುಚಿ ಹಿಡಿದಳು.

"ಏ... ಏನಂದ್ರಿ?"

"ಅದಾ, ನೀವು ಈಗ ಓದಿದ್ರಲ್ಲ. ಪಾರು, ಮಾರೇಶ..." ಚೈತ್ರಾ ಇನ್ನೂ ಬಗ್ಗಿದಳು. "ನಾನೂ ಓದೀನ್ರಿ ಅದನ್ನ."

ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು. ಚೈತ್ರಾ ಹೋದಳು. ದುರ್ಗಾ ಅವಸರವಾಗಿ ಪರದೆ ಆರಿಸಿದಳು.

'ಸಿಕ್ಕಿಬಿದ್ದೆ! ಯವ್ವಾ... ನಾನು ಸಿಕ್ಕಿಬಿದ್ದೆ!'

ಇಷ್ಟಕ್ಕೂ ಇಷ್ಟೊಂದು ಹೆದರುವಂಥದ್ದು ಏನಿತ್ತು ಅಂತೀರಾ? ಹೇಳುತ್ತೇನೆ, ಕೇಳಿ.

ಬಳ್ಳಾರಿಯ ಆ ಜೀನ್ಸ್ ಯೂನಿಟ್ಟಿನಲ್ಲಿ ಕೆಳಗೆ ಮಷೀನುಗಳ ಗದ್ದಲ. ಮೇಲಿನ ಕೋಣೆಯಲ್ಲಿ ಮಾತ್ರ ಹೆಣ್ಣುಮಕ್ಕಳು ನೆಲದ ಮೇಲೆ ಸಾಲಾಗಿ ಕೂತು ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುತ್ತಾರೆ. ಕೈಗೆ ಕೆಲಸ, ಬಾಯಿ ಖಾಲಿ. ಹೀಗಾಗಿ ಅಲ್ಲೊಂದು ಪದ್ಧತಿ ಬೆಳೆದುಬಂದಿತ್ತು. ಒಬ್ಬಳು ಫೋನಿನಲ್ಲಿ ಕಥೆ ಓದಬೇಕು, ಅವಳ ಪಾಲಿನ ಪ್ಯಾಂಟುಗಳ ದಾರ ಉಳಿದವರು ಹಂಚಿಕೊಂಡು ಕತ್ತರಿಸಬೇಕು. ಓದುವವಳು ದುರ್ಗಾದೇವಿ. ಪಿಯುಸಿ ಓದಿದವಳು, ದನಿ ಚೆಂದ, ಅಳುವ ಕಡೆ ಅಳಿಸುತ್ತಾಳೆ, ಬೈಯುವ ಕಡೆ ಎಲ್ಲರ ಪರವಾಗಿ ಬೈಯುತ್ತಾಳೆ.

ಇವರ ವರ್ಷ ಶುರುವಾಗುವುದು ಯುಗಾದಿಗಲ್ಲ, ಆಯುಧ ಪೂಜೆಗೆ. ಒಂದು ಪೂಜೆಯಿಂದ ಮುಂದಿನ ಪೂಜೆಯವರೆಗೆ ಓದಿದ್ದರಲ್ಲಿ ಯಾವುದು ಎಲ್ಲಕ್ಕಿಂತ ಚೆಂದ ಅಂತ ಜಗಳಾಡಿ ಆರಿಸುತ್ತಾರೆ. ಹಬ್ಬದ ದಿನ ಮಷೀನಿಗೆ ಕುಂಕುಮ ಹಚ್ಚಿದ ಮೇಲೆ ಅದೇ ಕಥೆಯ ಕೊನೆಯ ಕಂತುಗಳನ್ನು ದುರ್ಗಾ ಮತ್ತೊಮ್ಮೆ ಓದಬೇಕು. ಅದಕ್ಕೆ 'ವರ್ಷದ ಕಥಿ' ಅಂತಲೇ ಹೆಸರು.

ಇದು ಎಲ್ಲರಿಗೂ ಗೊತ್ತಿದ್ದ ಓದು.

ದುರ್ಗಾಳಿಗೆ ಇನ್ನೊಂದು ಓದಿತ್ತು. ಕುರುಗೋಡಿನಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ, ಕಿಟಕಿ ಪಕ್ಕ, ಫೋನನ್ನು ಎದೆಗೆ ಅವಚಿಕೊಂಡು ಓದುವ ಓದು. ಹೆಣ್ಣು ಹೆಣ್ಣನ್ನೇ ಪ್ರೀತಿಸುವ ಕಥೆಗಳು. ಗಂಡು ಗಂಡನ್ನೇ ಮೆಚ್ಚುವ ಕಥೆಗಳು. ಹುಡುಗನೆಂದು ಹೆಸರಿಡಿಸಿಕೊಂಡವರು ಕೊನೆಗೂ ಸೀರೆಯುಟ್ಟು ಕನ್ನಡಿ ಮುಂದೆ ನಿಲ್ಲುವ ಕಥೆಗಳು. ಒಂದು ಮುಗಿದರೆ ಇನ್ನೊಂದಕ್ಕೆ ಹಸಿದ ಹಾಗೆ ಹುಡುಕುತ್ತಿದ್ದಳು. ಹುಡುಕಿದ್ದನ್ನು ತಕ್ಷಣ ಅಳಿಸುತ್ತಿದ್ದಳು.

ಅದರಲ್ಲೂ ಒಂದು ಅಭ್ಯಾಸ... ಯಾವ ಕಥೆಯಾದರೂ ಕೊನೆಯ ಕಂತನ್ನು ಮೊದಲು ಓದುತ್ತಿದ್ದಳು. ಇಬ್ಬರೂ ಬದುಕಿದ್ದಾರಾ? ಒಬ್ಬರನ್ನು ಹಿಡಿದು ಬೇರೆ ಮದುವೆ ಮಾಡಿಬಿಟ್ಟರಾ? ಇಬ್ಬರೂ ಉಳಿದಿದ್ದರೆ ಮಾತ್ರ ಮೊದಲ ಪುಟಕ್ಕೆ ಹೋಗುತ್ತಿದ್ದಳು. ಸತ್ತಿದ್ದರೆ ಆ ದಿನವೆಲ್ಲ ಊಟ ಸೇರುತ್ತಿರಲಿಲ್ಲ.

ಅನಾಹುತ ಆದದ್ದು ಬೇಸಿಗೆಯಲ್ಲಿ. ಅವತ್ತು ನೆಟ್‌ವರ್ಕ್ ಸತ್ತುಹೋಗಿತ್ತು. ಫೋನಿನಲ್ಲಿ ಡೌನ್‌ಲೋಡ್ ಆಗಿದ್ದುದು ಒಂದೇ ಕಥೆ. ಪಾರು ಎಂಬ ಹುಡುಗಿ, ಮಲ್ಲಿ ಎಂಬ ಹುಡುಗಿ, ಅವರ ಪ್ರೀತಿ.

"ಓದಲೇ ದುರ್ಗಿ! ನಿದ್ದಿ ಬರಾಕತ್ತೈತಿ!" ಅಂತ ವಿರೂಪಮ್ಮ ಜೀವ ತಿಂದಳು.

ದುರ್ಗಾ ಗಾಬರಿಯಲ್ಲಿ ಮಲ್ಲಿಯನ್ನು ತೆಗೆದು ಅಲ್ಲಿ ಮಾರೇಶನನ್ನು ಕೂರಿಸಿ ಓದಿಬಿಟ್ಟಳು! ಒಂದು ದಿನದ ಮಟ್ಟಿಗೆ ಅಂದುಕೊಂಡಿದ್ದಳು ಪಾಪ. ಆದರೆ ಕೋಣೆಗೆ ಕೋಣೆಯೇ ಮಾರೇಶನಿಗೆ ಮನಸೋತು, ಮತ್ತೆ ಮತ್ತೆ ಅದನ್ನೇ ಓದಿಸತೊಡಗಿತು. ಪಾರುವಿನ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವ ಮಾರೇಶ! ತಿಂಗಳ ಹೊಟ್ಟೆನೋವು ಬಂದರೆ ಹೇಳದೆಯೇ ತಿಳಿದು ಬಿಸಿನೀರು ಕಾಯಿಸುವ ಮಾರೇಶ! ಸಿಟ್ಟು ಬಂದರೆ ಕೈಯೆತ್ತದೆ, ಪಕ್ಕದಲ್ಲಿ ಕೂತು ಅಳುವ ಮಾರೇಶ!

"ನಮ್ಮನಿಯಾಗೊಂದು ಐತಿ ಗಂಡಸು," ಅಂತ ವಿರೂಪಮ್ಮ ನಿಟ್ಟುಸಿರು ಬಿಡುತ್ತಿದ್ದಳು. "ಬಿಸಿನೀರು ಕೇಳಿದ್ರ ನಲ್ಲಿ ಕಡಿ ಕೈ ತೋರಸ್ತೈತಿ."

ಈ ವಿರೂಪಮ್ಮನೇ ದುರ್ಗಾಳ ದೊಡ್ಡ ಭಯ. ಕೆಟ್ಟವಳಲ್ಲ, ಹಸಿದವರಿಗೆ ತನ್ನ ಬುತ್ತಿ ಕೊಡುವ ಹೆಂಗಸು. ಆದರೆ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಮೇಲಾಗಿ ಕುರುಗೋಡಿನಲ್ಲಿ ದುರ್ಗಾಳ ಓಣಿಯವಳೇ. ಇಲ್ಲಿ ಬೆಳಿಗ್ಗೆ ಆದದ್ದು ಸಂಜೆ ಬಸ್ಸು ಇಳಿಯುವಷ್ಟರಲ್ಲಿ ಅವ್ವ ಸುಂಕಮ್ಮನ ಕಿವಿಗೆ ಬಿದ್ದಿರುತ್ತಿತ್ತು. ಅದೇ ಓಣಿಯ ಒಂದು ಹುಡುಗಿ ಯಾರೋ ಹುಡುಗನ ಜೊತೆ ಬರೀ ಫೋನಿನಲ್ಲಿ ಮಾತಾಡಿದಳೆಂದು ಕೆಲಸ ಬಿಡಿಸಿ, ಫೋನು ಕಸಿದು, ಮನೆಯಲ್ಲಿ ಕೂರಿಸಿದ್ದರು.

'ಹುಡುಗನ ಜೊತೆ ಮಾತಾಡಿದ್ದಕ್ಕೇ ಹಿಂಗ... ನಂದು ಗೊತ್ತಾದ್ರ?'

ಬಸ್ಸು ಇಲ್ಲ, ಫೋನು ಇಲ್ಲ, ಕೆಲಸ ಇಲ್ಲ. ಆಮೇಲೆ ಸಿಕ್ಕ ಮೊದಲ ವರನಿಗೆ ಧಾರೆ. ಆ ಮುಂದಿನದನ್ನು ಯೋಚಿಸಲು ದುರ್ಗಾಳಿಗೆ ಧೈರ್ಯವಿರಲಿಲ್ಲ.

ಇಂಥ ಹೊತ್ತಿನಲ್ಲಿ ಬಂದವಳು ಚೈತ್ರಾ. ತಪ್ಪು ಹಿಡಿಯುವುದೇ ಕೆಲಸವಾಗಿದ್ದ ಚೈತ್ರಾ!

ಅಂದಿನಿಂದ ದುರ್ಗಾಳಿಗೆ ನೆಮ್ಮದಿ ಎಂಬುದೇ ಹಾರಿಹೋಯಿತು. ಓದುವಾಗ ಕಣ್ಣು ಫೋನಿನ ಮೇಲಿದ್ದರೂ ಜೀವವೆಲ್ಲ ಚೈತ್ರಾ ಕೂತ ಮೂಲೆಯ ಕಡೆ. ಅವಳು ಕೆಮ್ಮಿದರೆ ಬೆಚ್ಚುತ್ತಿದ್ದಳು. ಅವಳು ವಿರೂಪಮ್ಮನ ಹತ್ತಿರ ಬಗ್ಗಿ ಏನೋ ಕೇಳಿದರೆ ಸಾಕು, ಓದು ಮುಗಿದು ಕೆಲಸಕ್ಕೆ ಕೂತ ದುರ್ಗಾಳ ಕತ್ತರಿ ದಾರ ಬಿಟ್ಟು ಬಟ್ಟೆಯನ್ನೇ ಕಚ್ಚುತ್ತಿತ್ತು.

ವಿಚಿತ್ರವೆಂದರೆ, ಅಷ್ಟು ಭಯದ ನಡುವೆಯೂ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದಳು. ಸೀಮೆಸುಣ್ಣ ಅಂಟಿದ ಆ ಬೆರಳುಗಳು... ಬಿಸಿಲಿಗೆ ಕಂದಿದ ಕೆನ್ನೆ... ನಗುವಾಗ ಕಿರಿದಾಗುವ ಕಣ್ಣು...

'ಥೂ, ಏನಾಗೈತಿ ನನಗ? ನನ್ನ ಕುತ್ತಿಗಿ ಹಿಡಿಯಾಕ ಬಂದಾಕಿನ್ನ ಹಿಂಗ ನೋಡ್ತಾರೇನು?'

ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಚೈತ್ರಾ ನೇರವಾಗಿ ಎದುರು ಬಂದು ನಿಂತಳು. ಅವಳು ಸಿರುಗುಪ್ಪ ತಾಲೂಕಿನ ಕರೂರಿನವಳು. ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಕಡೆ ದೊಡ್ಡಮ್ಮನ ಮನೆಯಲ್ಲಿ ಇದ್ದಳು. ಈ ಬಸ್‌ಸ್ಟ್ಯಾಂಡಿಗೆ ಅವಳು ಬರುವ ಕೆಲಸವೇ ಇರಲಿಲ್ಲ. ಬೇಕಂತಲೇ ಬಂದಿದ್ದಳು.

"ನಿಮ್ಮ ಕೂಡ ಒಂದೀಟು ಮಾತಾಡಬೇಕಿತ್ತು ದುರ್ಗಾ ಅವ್ರೇ."

ದುರ್ಗಾ ಸುತ್ತ ನೋಡಿದಳು. ವಿರೂಪಮ್ಮ ಅಲ್ಲೇ ಹತ್ತಿರದಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದಳು.

"ಏನು... ಬೇಗ ಹೇಳ್ರಿ."

"ಆ ಕಥಿ... ಮಲ್ಲಿ ಕಥಿ... ನಿಮಗ ಯಾಕ ಅದು ಬೇಕನಿಸ್ತು? ನಿಜ ಹೇಳ್ರಿ. ನಾ ಯಾರಿಗೂ..."

ಮಲ್ಲಿ! ಇಷ್ಟು ಜನರ ನಡುವೆ, ಅಷ್ಟು ಸಲೀಸಾಗಿ, ಮಲ್ಲಿಯ ಹೆಸರು! ಬಾಯಿ ಬಿಡಿಸಿ ಸಿಕ್ಕಿಸಲು ಬಂದಿದ್ದಾಳೆ ಅಂತಲೇ ಅನಿಸಿತು.

"ಯಾವ ಮಲ್ಲಿ? ನನಗೊತ್ತಿಲ್ಲ!" ದನಿ ಚೀರಿದಂತೆ ಬಂತು. "ಅದು ತಪ್ಪಿ ತೆರೀತು. ಅಂಥಾ ಹೊಲಸು ಕಥಿ ನಾನು ಓದಂಗಿಲ್ಲ! ಅಂಥೋರ ಕಂಡ್ರ ನನಗ ಅಸಹ್ಯ. ಇನ್ನೊಮ್ಮೆ ನನ್ನ ಹಿಂದ ಬರಬ್ಯಾಡ್ರಿ!"

ಚೈತ್ರಾಳ ಮುಖದಲ್ಲಿದ್ದ ನಗು ಹಾಗೇ ಆರಿಹೋಯಿತು.

"ಅಸಹ್ಯ..." ಅಂದಳು ಮೆಲ್ಲಗೆ. ತಲೆಯಾಡಿಸಿದಳು. "ಆತು ಬಿಡ್ರಿ. ನಂದಾ ತಪ್ಪಾತು."

ತಿರುಗಿ ನಡೆದುಹೋದಳು. ಬಸ್ಸು ಬಂತು, ದುರ್ಗಾ ಹತ್ತಿ ಕೂತಳು. ಫೋನು ತೆಗೆದರೆ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿಕೊಂಡಿತ್ತು.

'ಯಾರನ್ನ ಬೈದೆ ನಾನು? ನನ್ನನ್ನ ನಾನಾ ಬೈಕೊಂಡೆನಲ್ಲ... ಆಕಿ ಮುಖ ಯಾಕ ಹಂಗಾತು?'

ಪಕ್ಕದಲ್ಲಿ ವಿರೂಪಮ್ಮ ಬಾಳೆಹಣ್ಣು ಸುಲಿಯುತ್ತ ಇನ್ನೊಂದು ಬಾಂಬು ಹಾಕಿದಳು. "ಲೇ ದುರ್ಗಿ, ಈ ಸಲ ವರ್ಷದ ಕಥಿ ನಮ್ಮ ಮಾರೇಶಂದಾ. ಎಲ್ಲಾರೂ ಒಪ್ಪ್ಯಾರ. ಹಬ್ಬದ ದಿನ ಓದಿದ ಮ್ಯಾಲೆ ಅದನ್ನ ನನ್ನ ಸೊಸಿ ಫೋನಿಗೆ ಕಳಿಸು. ಆಕೀನೂ ಓದ್ಲಿ, ನನ್ನ ಮಗನಿಗೂ ಓದಿ ಹೇಳ್ಲಿ!"

"ಅದು... ಕಳಿಸಾಕ ಬರಂಗಿಲ್ಲತ್ತಿ. ಆ ಆ್ಯಪಿನ್ಯಾಗ ಹಂಗಿಲ್ಲ."

"ಬರಂಗಿಲ್ಲೇನು? ಹಂಗಾರ ಫೋನಾ ಒಂದಿನ ಕೊಡು. ಆಕಿ ಓದಿ ಕೊಡ್ತಾಳ."

ಆ ರಾತ್ರಿಯಿಂದ ಹಬ್ಬದ ತನಕ ದುರ್ಗಾ ಸರಿಯಾಗಿ ನಿದ್ದೆ ಮಾಡಲಿಲ್ಲ. ಕಥೆ ಅಳಿಸಿಬಿಡಲೇ ಅಂತ ಎಷ್ಟೋ ಸಲ ಬೆರಳು ತಂದಳು. ಅಳಿಸಲಾಗಲಿಲ್ಲ. ಆ ವರ್ಷ ಓದಿದ್ದರಲ್ಲೆಲ್ಲ ಇಬ್ಬರೂ ನಗುತ್ತ ಉಳಿದದ್ದು ಆ ಒಂದೇ ಕಥೆಯಲ್ಲಿ.

ಆಯುಧ ಪೂಜೆಯ ದಿನ ಬಂದೇಬಿಟ್ಟಿತು.

ಮಷೀನುಗಳಿಗೆ ಚೆಂಡುಹೂವು, ಕತ್ತರಿಗಳಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳ. ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದು ಕೈ ಒರೆಸಿಕೊಂಡು ಎಲ್ಲರೂ ಮೇಲಿನ ಕೋಣೆಯಲ್ಲಿ ಗುಂಪು ಕೂತರು. ಕೆಳಗಿನ ಟೇಲರ್‌ಗಳೂ ಕೆಲವರು ಬಂದು ಗೋಡೆಗೆ ಒರಗಿದರು. ಚೈತ್ರಾ ಬಾಗಿಲ ಹತ್ತಿರ ನಿಂತಿದ್ದಳು. ಬಸ್‌ಸ್ಟ್ಯಾಂಡಿನ ಸಂಜೆಯ ನಂತರ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ದುರ್ಗಾ ಫೋನು ತೆರೆದಳು. ಬಾಯಿ ತೆರೆದಳು.

ದನಿ ಬರಲಿಲ್ಲ!

ಕೆಮ್ಮಿದಳು. ನೀರು ಕುಡಿದಳು. ಮತ್ತೆ ಪ್ರಯತ್ನಿಸಿದಳು. ಪರದೆಯ ಮೇಲೆ 'ಮಲ್ಲಿ, ಮಲ್ಲಿ' ಅಂತ ಸಾಲು ಸಾಲಿಗೂ ಅದೇ ಹೆಸರು ಕುಣಿಯುತ್ತಿತ್ತು. ಬಾಗಿಲ ಬಳಿ ತಪ್ಪು ಹಿಡಿಯುವ ಆ ಎರಡು ಕಣ್ಣು.

"ಏನಾತವ್ವಾ ಇದಕ್ಕ? ಮಿರ್ಚಿ ತಿಂದು ಗಂಟಲು ಕಟ್ಟಿತೇನು?" ವಿರೂಪಮ್ಮ ಪಕ್ಕದಲ್ಲೇ ಇದ್ದಳು. ಚಕ್ಕನೆ ಕೈ ಹಾಕಿ ಫೋನು ಕಸಿದುಕೊಂಡೇಬಿಟ್ಟಳು! "ಬಿಡು, ನೀ ಸುಮ್ನ ಕೂಡು. ಚೈತ್ರಾ, ಬಾರವ್ವಾ ಇಲ್ಲಿ. ನೀನೂ ಸಾಲಿ ಕಲ್ತಾಕಿ, ಬಡಬಡ ಓದ್ತಿ. ಇದನ್ನ ಓದು."

ಮುಗಿಯಿತು. ಎಲ್ಲಾ ಮುಗಿಯಿತು!

ದುರ್ಗಾ ಎದ್ದು ಫೋನು ಕಿತ್ತುಕೊಳ್ಳಬೇಕೆಂದುಕೊಂಡಳು. ಕಿತ್ತುಕೊಂಡರೆ ಗುಟ್ಟನ್ನು ತಾನೇ ಒಪ್ಪಿಕೊಂಡಂತೆ. ಚೈತ್ರಾ ಬಂದು ಫೋನು ತಗೊಂಡು ಎಲ್ಲರ ನಡುವೆ ಕೂತಳು. ಪರದೆ ನೋಡಿದಳು. ಬಹಳ ಹೊತ್ತು ನೋಡಿದಳು.

'ಅಸಹ್ಯ ಅಂದೆ ನಾನು. ಎಲ್ಲಾರ ಎದುರು ಇದ್ದದ್ದು ಇದ್ದಂಗ ಓದಿದ್ರ ಆಕಿದೇನು ತಪ್ಪು? ಫೋನು ನಂದು. ಕಥಿ ನನ್ನ ಫೋನಿನ್ಯಾಗ ಐತಿ. ಆಕಿ ಬರೀ ಓದಿದ್ರ ಸಾಕು...'

ಚೈತ್ರಾ ತಲೆಯೆತ್ತಿದಳು. ಒಂದು ಗಳಿಗೆ ದುರ್ಗಾಳ ಕಣ್ಣಲ್ಲಿ ಕಣ್ಣಿಟ್ಟಳು. ದುರ್ಗಾಳ ಕಣ್ಣಿನಿಂದ ನೀರಿಳಿಯಿತು.

"ಬೇಗ ಓದವ್ವಾ! ಎಷ್ಟೊತ್ತು ಕಾಯೋದು?"

ಚೈತ್ರಾ ಓದತೊಡಗಿದಳು.

"ಬಾಗಿಲು ಬಡಿದ ಸದ್ದಾಯಿತು. ಪಾರು ಓಡಿ ಹೋಗಿ ತೆರೆದಳು. ಹೊರಗೆ..." ಒಂದು ಉಸಿರಿನಷ್ಟು ನಿಂತಳು. "...ಹೊರಗೆ ಮಾರೇಶ ನಿಂತಿದ್ದ."

ದುರ್ಗಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಚೈತ್ರಾ ಓದುತ್ತಲೇ ಹೋದಳು. ಎಲ್ಲೂ ಎಡವಲಿಲ್ಲ. ಮಲ್ಲಿಯ ಬಳೆ ಬಂದ ಕಡೆ ಮಾರೇಶನ ಕೈಗಡಿಯಾರ ಬಂತು, ಮಲ್ಲಿಯ ಸೆರಗು ಬಂದ ಕಡೆ ಮಾರೇಶನ ಟವಲು. ಕೊನೆಯಲ್ಲಿ 'ಊರು ಏನಾದರೂ ಅನ್ನಲಿ, ನಾನು ನಿನ್ನ ಮನೆಗೇ ಬಂದೆ' ಅಂತ ಮಾರೇಶ ಪಾರುವಿಗೆ ಹೇಳುವ ಮಾತು ಬಂದಾಗ ಚೈತ್ರಾಳ ದನಿ ಒಡೆಯಿತು. ಕಥೆಗೆ ಅಳುತ್ತಿದ್ದಾಳೆ ಅಂತ ಎಲ್ಲರೂ ತಾವೂ ಮೂಗು ಒರೆಸಿಕೊಂಡರು.

"ಇಂಥಾ ಗಂಡಸು ನಮ್ಮ ಬಳ್ಳಾರಿ ಜಿಲ್ಲಾದಾಗಾ ಹುಟ್ಟಿಲ್ಲ ಬಿಡ್ರೆವ್ವಾ!" ಅಂದಳು ವಿರೂಪಮ್ಮ. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು.

ಚೈತ್ರಾ ಎದ್ದು ಬಂದು ಫೋನನ್ನು ದುರ್ಗಾಳ ಕೈಗೇ ಕೊಟ್ಟಳು, ವಿರೂಪಮ್ಮನ ಕೈಗಲ್ಲ. "ಕಥಿ ಅಳಿಸಿ ಹೋತು ವಿರೂಪಮ್ಮತ್ತಿ, ನನ್ನ ಬೆರಳು ತಗಲಿ," ಅಂತ ಗಟ್ಟಿಯಾಗಿ ಕೂಗಿ ಹೇಳಿದಳು. ಬೈಗುಳವೆಲ್ಲ ತನ್ನ ಮೇಲೆ ಹಾಕಿಕೊಂಡಳು. ವಿರೂಪಮ್ಮ ಹಿಡಿಶಾಪ ಹಾಕುತ್ತಿದ್ದಂತೆ ದುರ್ಗಾ ಕದ್ದು ಪರದೆ ನೋಡಿದಳು.

ಕಥೆ ಇತ್ತು. ಅಳಿಸಿರಲಿಲ್ಲ!

ಮೆಟ್ಟಿಲ ಬಳಿ ಓಡಿಹೋಗಿ ಹಿಡಿದಳು. "ಚೈತ್ರಾ ಅವ್ರೇ... ನಾನು..."

"ಹೆದರಬ್ಯಾಡ್ರಿ." ಚೈತ್ರಾ ತಿರುಗಿ ನೋಡಲಿಲ್ಲ. "ನನ್ನ ಬಾಯಿಂದ ಎಂದೂ ಏನೂ ಬರಂಗಿಲ್ಲ."

ಹಬ್ಬ ಮುಗಿದು ಕೆಲಸ ಶುರುವಾದಾಗ ಚೆಕಿಂಗ್ ಜಾಗ ಖಾಲಿ ಇತ್ತು.

"ಆ ಹುಡುಗಿ ಕೆಲಸ ಬಿಟ್ಲಂತ," ವಿರೂಪಮ್ಮ ಸುದ್ದಿ ತಂದಳು. "ಕರೂರಿಗೆ ಹೋಗ್ಯಾಳಂತ, ಅವರವ್ವನ ಹಂತ್ಯಾಕ. ನಾ ಬೈದದ್ದಕ್ಕೇನು ಮತ್ತ? ಒಂದು ಕಥಿಗೆ ಅಷ್ಟು ಸಿಟ್ಟಾ!"

ದುರ್ಗಾಳಿಗೆ ಖುಷಿಯಾಗಬೇಕಿತ್ತು, ಅಲ್ಲವೇ? ಗುಟ್ಟು ಗೊತ್ತಿದ್ದ ಒಬ್ಬಳೇ ಒಬ್ಬಳು ದೂರ ಹೋದಳು. ಇನ್ನು ಹೆದರುವ ಕಾರಣವೇ ಇಲ್ಲ.

ಆದರೆ ಆಗಿದ್ದೇ ಬೇರೆ. ಈಗ ಬಂದದ್ದು ಹಿಂದೆಂದೂ ಕಾಣದ ಭಯ. ಬಸ್ಸಿನಲ್ಲಿ ಕಥೆ ತೆರೆದರೆ ಅದು ರುಚಿಸಲಿಲ್ಲ. ಇಷ್ಟು ದೊಡ್ಡ ಜಗತ್ತಿನಲ್ಲಿ ತಾನು ಯಾರು ಅಂತ ಗೊತ್ತಿದ್ದವಳು ಅವಳೊಬ್ಬಳೇ. ಅವಳನ್ನೂ ತಾನೇ ಅಟ್ಟಿಬಿಟ್ಟಿದ್ದಳು. ಇನ್ನು ಸಾಯುವ ತನಕ ಹೀಗೇ, ಮಲ್ಲಿಯನ್ನು ಮಾರೇಶ ಮಾಡುತ್ತಲೇ ಬದುಕಬೇಕೇನೋ!

ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಂಡು ನಿಂತಳು. "ಅವ್ವಾ, ಸಿರುಗುಪ್ಪ ಕಡಿ ಹೋಗಿ ಬರ್ತೀನಿ. ಗೆಳತಿ ಮನಿಗೆ."

ಸುಂಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಯಾವ ಗೆಳತಿಲೇ? ಎಂದೂ ಇಲ್ಲದಾಕಿ?"

"ಕೆಲಸದಾಕಿ. ಮೈಯಾಗ ಹುಷಾರಿಲ್ಲಂತ." ಸುಳ್ಳು ಹೇಳುವಾಗ ನಾಲಿಗೆ ತೊದಲಿತು.

ಸುಂಕಮ್ಮ ಮಗಳ ಮುಖ ದಿಟ್ಟಿಸಿ ನೋಡಿದಳು. "ಹೊತ್ತು ಮುಳುಗೋದ್ರಾಗ ಬರಬೇಕು ನೋಡು," ಅಂದು ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಓಣಿಯ ದೊಡ್ಡಬಸಪ್ಪ ಎದುರಾಗಿ "ಏನವ್ವಾ ದುರ್ಗಾ, ಈ ಕಡಿ?" ಅಂದಾಗ ಇಳಿದು ವಾಪಸ್ ಹೋಗಿಬಿಡಲೇ ಅನಿಸಿತು. ಸಿರುಗುಪ್ಪದಲ್ಲಿ ಕರೂರಿನ ಬಸ್ಸು ಹತ್ತುವಾಗ ಮತ್ತೊಮ್ಮೆ ಅನಿಸಿತು. ಕರೂರಿನಲ್ಲಿ ಇಳಿದು, ಚೈತ್ರಾಳ ಮನೆ ಯಾವುದು ಅಂತ ಕೇಳಿ, ಅವಳ ತಾಯಿ ಊರಮ್ಮ "ಕಾಲುವಿ ಕಡಿ ಹೋಗ್ಯಾಳವ್ವಾ, ಬಟ್ಟಿ ಒಗಿಯಾಕ" ಅಂದಾಗಲಂತೂ ಅಲ್ಲಿಂದಲೇ ತಿರುಗಿಬಿಡಬೇಕೆನಿಸಿತು. ಆದರೂ ನಡೆದಳು.

ಎರಡೂ ಕಡೆ ಗದ್ದೆಯಲ್ಲಿ ನೆಲ್ಲು ತೆನೆ ಬಾಗಿ ನಿಂತಿತ್ತು. ಕಾಲುವೆಯ ಏರಿಯ ಮೇಲೆ ಚೈತ್ರಾ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ದುರ್ಗಾಳನ್ನು ಕಂಡು ಕೈಯಲ್ಲಿದ್ದ ಸೀರೆ ಹಾಗೇ ನಿಂತಿತು.

"ನೀವು... ಇಲ್ಲಿ?"

"ಕೆಲಸ ಯಾಕ ಬಿಟ್ರಿ?"

"ನನ್ನ ಕಂಡ್ರ ನಿಮ್ಮ ಕೈ ನಡುಗ್ತಿತ್ತು." ಚೈತ್ರಾ ಸೀರೆಯನ್ನೇ ನೋಡುತ್ತ ಹೇಳಿದಳು. "ಕೈಯಾಗ ಕತ್ತರಿ ಬ್ಯಾರೆ. ಎಲ್ಲಿ ಬೆರಳು ಕೊಯ್ಕೊಂತೀರೋ ಅಂತ ದಿನಾ ನನಗ ಜೀವ ಹೋಗ್ತಿತ್ತು. ನಾನಾ ಇರದಿದ್ರ ಆತಲ್ಲ ಅಂತ ಬಂದುಬಿಟ್ಟೆ."

ದುರ್ಗಾಳಿಗೆ ಅಳು ಉಕ್ಕಿತು. ಇವಳು ಸಿಟ್ಟಿನಿಂದ ಹೋದವಳಲ್ಲ! ತನ್ನ ಭಯ ನೋಡಲಾಗದೆ ಹೋದವಳು!

"ಹಂಗಾರ ಆ ಮೊದಲ ದಿನ... ಕಿವಿಯಾಗ ಬಂದು ಯಾಕ ಹಂಗಂದ್ರಿ? ಹೆದರಸಾಕಲ್ಲೇನು?"

"ಹೆದರಸಾಕಾ?" ಚೈತ್ರಾ ಬೆರಗಾಗಿ ನೋಡಿದಳು. "ಯವ್ವಾ! ಖುಷಿ ತಡಿಲಾರದ ಅಂದಿದ್ದು ಅದು! ಎಲ್ಲೆಲ್ಲೋ ಕೆಲಸ ಮಾಡೀನಿ, ನನ್ನಂಥಾಕಿ ಒಬ್ಬಾಕೀನೂ ಸಿಗಲಿಲ್ಲ. ಅವತ್ತು ಮೆಟ್ಲ ಹತ್ತಿ ಬರ್ತೀನಿ, ನೀವು ನಾ ಹಚ್ಕೊಂಡ ಕಥಿ ಓದಾಕತ್ತೀರಿ! ಗಂಡಸಿನ ಹೆಸರು ಹಚ್ಚಿದ್ರ ಏನಾತು, ಸಾಲು ಸಾಲೂ ನನಗ ಬಾಯಿಪಾಠ. ಕನ್ನಡದಾಗ ಇಂಥಾ ಕಥಿ ಎಷ್ಟದಾವ್ರಿ? ಹುಡುಕೋರೆಲ್ಲಾ ತಿರುಗಿ ತಿರುಗಿ ಅಲ್ಲೇ ಬರಬೇಕು. ನಾ ಮೊದಲು ಕೊನಿ ಕಂತು ನೋಡಿ, ಇಬ್ಬರೂ ಅದಾರ ಅಂತ ಖಾತ್ರಿ ಮಾಡ್ಕೊಂಡಾ ಓದಿದ್ದು ಅದನ್ನ."

"ಕೊನಿ ಕಂತು... ನೀವೂ?"

"ಮತ್ತ? ಸಾಯೋದನ್ನ ಓದಾಕ ಯಾರಿಗೆ ಧೈರ್ಯ ಐತಿ!"

ದುರ್ಗಾ ಅಳುತ್ತಲೇ ನಕ್ಕಳು. ಆಮೇಲೆ ನಗು ನಿಂತಿತು. ಇಷ್ಟು ದೂರ ಬಂದದ್ದು ಇದಕ್ಕಲ್ಲ. ಹೇಳಬೇಕಾದ್ದು ಇನ್ನೂ ಎದೆಯಲ್ಲೇ ಇತ್ತು.

"ಚೈತ್ರಾ... ಅವತ್ತು ಬಸ್‌ಸ್ಟ್ಯಾಂಡಿನ್ಯಾಗ ನಾ ಅಂದಿದ್ದು ಸುಳ್ಳು. ಪೂರಾ ಸುಳ್ಳು. ನಾನು... ನನಗ..."

ಮಾತು ಬರಲೊಲ್ಲದು. ಸುತ್ತ ಯಾರೂ ಇಲ್ಲ, ಆದರೂ ತುಟಿ ಬಿಚ್ಚಲೊಲ್ಲದು! ಹುಟ್ಟಿದಾಗಿನಿಂದ ಜೋರಾಗಿ ಒಮ್ಮೆಯೂ ಆಡದ ಮಾತು ಅದು.

"ಅವಸರ ಇಲ್ಲ," ಅಂದಳು ಚೈತ್ರಾ. "ನಾ ಎಲ್ಲೂ ಹೋಗಂಗಿಲ್ಲ."

ಅಷ್ಟರಲ್ಲಿ ಟ್ರ್ಯಾಕ್ಟರೊಂದು ಗಡಗಡ ಬಂತು. ಟ್ರೇಲರ್ ತುಂಬ ಕೂಲಿ ಹೆಂಗಸರು. ಇಬ್ಬರೂ ಬೆಚ್ಚಿ ದೂರ ಸರಿದರು.

"ಈ ಸಲ ನೆಲ್ಲು ಭಾಳ ಚಲೋ ಬಂದೈತಿ ನೋಡ್ರಿ!" ಚೈತ್ರಾ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಹೌದೌದ್ರಿ! ಭಾಳ ಚಲೋ!" ದುರ್ಗಾಳೂ ಕೂಗಿದಳು.

ಟ್ರ್ಯಾಕ್ಟರು ದಾಟಿತು. ಧೂಳು ಇಳಿಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ನಡುವೆಯೇ, ತಡೆಯುವಷ್ಟರಲ್ಲಿ, ದುರ್ಗಾಳ ಬಾಯಿಂದ ಅದು ಹೊರಬಿತ್ತು.

"ನನಗ ಹೆಣಮಕ್ಕಳಾ ಇಷ್ಟ. ಮೊದಲಿಂದ. ಯಾರಿಗೂ ಹೇಳಿಲ್ಲ, ದೇವರಿಗೂ ಹೇಳಿಲ್ಲ."

ಆಕಾಶ ಬೀಳಲಿಲ್ಲ. ಕಾಲುವೆಯ ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಚೈತ್ರಾ ಕಣ್ಣು ತುಂಬಿಕೊಂಡು ನಿಂತಿದ್ದಳು.

"ಮತ್ತ..." ದುರ್ಗಾ ಉಸಿರೆಳೆದುಕೊಂಡಳು. "ಮತ್ತ ಈಗ ನೀವು ಇಷ್ಟ. ಹೆದರಿ ಹೆದರಿ ನಿಮ್ಮನ್ನಾ ನೋಡ್ತಿದ್ದೆ. ನೀವು ಹೋದ ಮ್ಯಾಲೆ ಆ ಮೂಲಿ ನೋಡಾಕಾಗಲಿಲ್ಲ ನನಗ. ಹೊಲಸು ಮಾತಾಡಿದೆ, ಕಾಲು ಹಿಡೀತೀನಿ..."

"ಏ, ಕಾಲು ಗೀಲು ಬ್ಯಾಡ." ಚೈತ್ರಾ ಒದ್ದೆ ಕೈಯಲ್ಲೇ ಅವಳ ಕೈ ಹಿಡಿದಳು. ತಣ್ಣಗಿನ ಕೈ. "ಮೊದಲು ಈ 'ನೀವು' ಬಿಡು. ಪ್ಯಾಂಟ್ ಚೆಕಿಂಗಿಗೆ ಕರದಂಗಾಗ್ತೈತಿ."

"...ನೀ."

"ಇನ್ನೊಮ್ಮೆ ಅನ್ನು."

"ನೀ. ನೀ ಬಾ ಚೈತ್ರಾ. ವಾಪಸ್ ಬಾ."

"ಬರ್ತೀನಿ. ಚೆಕಿಂಗಿಗೆ ಜನಾ ಸಿಗವಲ್ರು, ಇವತ್ತಾ ಫೋನು ಮಾಡಿದ್ರ ನಾಳಿಗೆ ಬಾ ಅಂತಾರ." ಚೈತ್ರಾಳ ದನಿ ತಗ್ಗಿತು. "ಆದ್ರ ದುರ್ಗಾ, ನಾ ಬಂದ್ರ ನಿನ್ನ ಹೆದರಿಕಿ ಹೋಗಂಗಿಲ್ಲ. ವಿರೂಪಮ್ಮತ್ತಿ ಅಲ್ಲೇ ಇರ್ತಾಳ. ನಿಮ್ಮವ್ವ ಮನಿಯಾಗಾ ಇರ್ತಾಳ. ನಾಳಿ ಏನಾಗ್ತೈತೋ ನನಗೂ ಗೊತ್ತಿಲ್ಲ."

ದುರ್ಗಾ ತಲೆಯಾಡಿಸಿದಳು. ಅದು ಅವಳಿಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಒಬ್ಬಳೇ ಹೊತ್ತ ಭಯಕ್ಕೆ ಈಗ ಇನ್ನೊಂದು ಹೆಗಲು ಸಿಕ್ಕಿತ್ತು.

ಊರಮ್ಮ ಬಲವಂತ ಮಾಡಿ ಉಣಿಸಿ ಕಳಿಸಿದಳು. ಹೊತ್ತು ಮುಳುಗುವುದರೊಳಗೆ ದುರ್ಗಾ ಮನೆ ಸೇರಬೇಕಿತ್ತು. ಚೈತ್ರಾಳೂ ಬಟ್ಟೆಯ ಚೀಲ ಹಿಡಿದು ಬಳ್ಳಾರಿಗೆ ಹೊರಟಳು. ಸಿರುಗುಪ್ಪದ ತನಕ ಇಬ್ಬರಿಗೂ ಒಂದೇ ಬಸ್ಸು.

ಬಸ್ಸು ತುಂಬಿತ್ತು. ಸಂತೆಗೆ ಹೊರಟವರು, ಹಣ್ಣಿನ ಬುಟ್ಟಿಗಳು, ಎದುರಿನ ಸೀಟಿನಲ್ಲಿ ಇವರತ್ತಲೇ ಮುಖ ಮಾಡಿ ಕೂತ ಮುದುಕಿ. ಹಿಂದಿನ ಸೀಟಿನಲ್ಲಿ ಒತ್ತೊತ್ತಾಗಿ ಜಾಗ ಸಿಕ್ಕಿತು. ದುರ್ಗಾ ಮುದುಕಿಯ ಕಣ್ಣು ತಪ್ಪಿಸಿ ಕೈ ಮುದುಡಿಕೊಂಡಳು. ಚೈತ್ರಾ ಮೆಲ್ಲಗೆ ಅದನ್ನು ತನ್ನ ಕೈಯೊಳಗೆ ತಗೊಂಡು ತೊಡೆಯ ಮೇಲಿಟ್ಟುಕೊಂಡಳು.

"ಏ ಬಿಡು! ಜನಾ ನೋಡಾಕತ್ತಾರ..."

"ನೋಡ್ಲಿ ಬಿಡು. ಇಬ್ಬರು ಹೆಣಮಕ್ಕಳು ಕೈ ಹಿಡ್ಕೊಂಡ್ರ ಈ ಊರಾಗ ಯಾರೂ ಏನೂ ಅನ್ನಂಗಿಲ್ಲ."

ಎದುರಿನ ಮುದುಕಿ ಇಬ್ಬರನ್ನೂ ನೋಡಿ ಬೊಚ್ಚುಬಾಯಲ್ಲಿ ನಕ್ಕಳು. "ಅಕ್ಕ-ತಂಗ್ಯಾರೇನವ್ವಾ?"

ದುರ್ಗಾ ಕೈ ಬಿಡಿಸಿಕೊಳ್ಳಲಿಲ್ಲ.

"ಅಲ್ಲಬೇ," ಅಂದಳು. ಅವಳ ದನಿ ನಡುಗಿತು, ಆದರೆ ಬಂತು. "ಅಕ್ಕ-ತಂಗಿ ಅಲ್ಲ. ಈಕಿ ನನ್ನಾಕಿ."

"ಚಲೋ ಆತು ಬಿಡವ್ವಾ," ಅಂತ ಮುದುಕಿ ಕಿಟಕಿಯ ಕಡೆ ತಿರುಗಿದಳು.

ಚೈತ್ರಾ ದಂಗಾಗಿ ಅವಳನ್ನೇ ನೋಡಿದಳು. "ಏನಂದಿ ನೀ ಈಗ?"

"ಇನ್ನೊಮ್ಮೆ ಅನ್ನಾಕ ಹೇಳಬ್ಯಾಡ. ಹೆದರಿಕಿಗೆ ಸತ್ತಾ ಹೋಗ್ತೀನಿ."

"ಹೇಳಂಗಿಲ್ಲ ಬಿಡು," ಅಂದಳು ಚೈತ್ರಾ, ಅವಳ ಬೆರಳುಗಳನ್ನು ಇನ್ನೂ ಬಿಗಿಯಾಗಿ ಹಿಡಿದು. "ಈ ಜನ್ಮಕ್ಕ ನನಗ ಒಮ್ಮೆ ಕೇಳಿದ್ದಾ ಸಾಕು."